ಅಮ್ಮನ ಗೇಣಿನಲ್ಲಿ ಆರು

ಒಂದನೇ ಕ್ಲಾಸಿನಲ್ಲೇ ನಾನು ಲೆಕ್ಕದ ಮಿಸ್ಸಿನ ಬಾಯಿ ಮುಚ್ಚಿಸಿದ್ದೆನಂತೆ. ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದು ಬಂದಾಗಲೆಲ್ಲ ಮನೆಯವರು ಹೇಳುವ ಕಥೆ ಇದು. ನಾನು ಒಪ್ಪುವುದಿಲ್ಲ. ಅವರಿಗೆ ಬೇಕಾಗಿರುವುದು ಗೆದ್ದ ಹುಡುಗಿ. ಅವತ್ತು ಅಲ್ಲಿ ಗೆಲ್ಲುವ ಮಾತೇ ಇರಲಿಲ್ಲ.

ಅಮ್ಮ ಆಗಷ್ಟೇ ಹೆಬ್ಬಾಳದ ಕಾರ್ಖಾನೆಯಲ್ಲಿ ರಾತ್ರಿ ಪಾಳಿಗೆ ಸೇರಿದ್ದಳು. ನಾನು ಶಾಲೆಗೆ ಹೋದ ಮೇಲೆ ಅವಳು ಬರುತ್ತಿದ್ದಳು. ನಾನು ಬರುವಷ್ಟರಲ್ಲಿ ಮಲಗಿರುತ್ತಿದ್ದಳು. ಎದ್ದರೆ ಅಡುಗೆ, ಜಡೆ, ಬಸ್ಸು. ಮಂಡಿ ಮೊಹಲ್ಲಾದ ನಮ್ಮ ಮನೆಯ ಕೆಳಗೆ ಮೆಣಸಿನಕಾಯಿ ಗೋದಾಮು. ಆ ಘಾಟಿಗೆ ಸೀನು ಬಂದರೂ ಮೂಗು ಹಿಡಿದುಕೊಳ್ಳಬೇಕು, ಅಮ್ಮನನ್ನು ಎಬ್ಬಿಸುವಂತಿಲ್ಲ.

ಆಗಲೇ ಮಿಸ್ಸು ಅಳತೆಯ ಪಾಠ ಮಾಡಿದರು. ಮನೆಯಲ್ಲಿ ನಿಮ್ಮ ಎತ್ತರ ಎಷ್ಟು ಗೇಣು ಅಂತ ಅಳೆದು ಬನ್ನಿ ಎಂದರು. ಅಮ್ಮನ ಕೈ ಹಿಡಿಯಲು ನನಗೆ ಸರ್ಕಾರಿ ಅನುಮತಿ ಸಿಕ್ಕಂತಾಯಿತು.

ಚಾಪೆಯ ಮೇಲೆ ಅವಳ ಪಕ್ಕ ಮಲಗಿ, ಆ ಕೈಯನ್ನು ಎಳೆದುಕೊಂಡು, ಬೆರಳು ಬಿಡಿಸಿ ನೆತ್ತಿಯ ಮೇಲಿಟ್ಟೆ. ಸೋಪು, ಯಂತ್ರದ ಎಣ್ಣೆ, ಎರಡರದೂ ವಾಸನೆ. ನೆತ್ತಿಯಿಂದ ಗಲ್ಲ, ಗಲ್ಲದಿಂದ ಎದೆ. ಕೈ ಎಟುಕದಾಗ ನಾನೇ ಮೇಲಕ್ಕೆ ಜರುಗಿದೆ.

"ಏಯ್, ಏಳಿಸ್ಬುಟ್ಟೀಯ ಕಣೆ!" ಅಜ್ಜಿ ಬಾಗಿಲಲ್ಲಿ ಪಿಸುಗುಟ್ಟಿದಳು.

"ಹೋಂವರ್ಕ್ ಅಜ್ಜಿ!"

"ಅದೇನು ಹೋಂವರ್ಕೋ, ಮಲಗಿರೋಳ ಕೈ ಎಳ್ಯೋದು!"

ಮಾರನೆಯ ದಿನ ಎಲ್ಲರದೂ ಒಂಬತ್ತು, ಹತ್ತು. ನನ್ನದು ಆರು.

"ನೀನೊಬ್ಳೇ ಏನಮ್ಮ ಇಷ್ಟು ಕುಳ್ಳಿ?" ಮಿಸ್ಸು ನಕ್ಕರು.

"ಅಮ್ಮನ ಕೈಯಲ್ಲಿ ಆರು, ಮಿಸ್."

"ನಿನ್ ಕೈಯಲ್ಲೇ ಅಳೀಬೇಕು ಕಣಮ್ಮ."

"ಅಮ್ಮ ನನ್ನೋಳೇ ಅಲ್ವಾ ಮಿಸ್?"

ಮನೆಯವರ ಕಥೆ ಇಲ್ಲಿಗೆ ಮುಗಿಯುತ್ತದೆ. ನನ್ನ ತಕರಾರು ಇಲ್ಲಿಂದ ಶುರು. ನಿದ್ದೆಯಲ್ಲಿರುವವರ ಬೆರಳು ಬಿಡಿಸಿ ನೋಡಿ, ಬಿಟ್ಟ ಕೂಡಲೇ ಮಡಚಿಕೊಳ್ಳುತ್ತವೆ. ಅಮ್ಮನ ಕೈ ನೆತ್ತಿಯಿಂದ ಪಾದದವರೆಗೆ ಗೇಣಾಗಿಯೇ ಇತ್ತು.

ಈಗ ಪಾಳಿ ಮುಗಿದಿದೆ, ಮಧ್ಯಾಹ್ನಗಳೆಲ್ಲ ನಮ್ಮವೇ. ಆದರೆ ಅಮ್ಮನ ಬೆರಳ ಗಂಟುಗಳು ಊದಿವೆ, ಅಷ್ಟಗಲ ಬಿಡಿಸಿಕೊಳ್ಳುವುದಿಲ್ಲ. ಅಳೆಸಿಕೊಳ್ಳುವ ವಯಸ್ಸು ನನಗೂ ಉಳಿದಿಲ್ಲ. ಮೊನ್ನೆ ಅವಳು ಅವರೆಕಾಯಿ ಸುಲಿಯುತ್ತಿದ್ದಾಗ ಕೇಳಿಯೇಬಿಟ್ಟೆ:

"ಅಮ್ಮ, ಅವತ್ತು ನೀನು ನಿಜವಾಗ್ಲೂ ನಿದ್ದೆ ಮಾಡ್ತಿದ್ಯಾ?"