ಮೊಟ್ಟೆಯ ಗುಳ್ಳೆ ಒಡೆಯಬಾರದು

ಮೊಬೈಲಿನಲ್ಲಿ ಟೈಪ್ ಮಾಡುವುದನ್ನು ಈಚೆಗಷ್ಟೇ ಕಲಿತಿದ್ದೇನೆ. ಮೊನ್ನೆ ಬೆಣ್ಣೆ ಮೆತ್ತಿದ ಬೆರಳಲ್ಲೇ ಒತ್ತುತ್ತಿದ್ದೆ ಅಂತ ಮೊಮ್ಮಗಳು ಮೊಬೈಲ್ ಕಿತ್ತುಕೊಂಡು, ಸ್ಪಿರಿಟ್ ಹಾಕಿದ ಹತ್ತಿಯಲ್ಲಿ ಒರೆಸಿ ಕೊಟ್ಟಳು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಎಂ.ಸಿ.ಸಿ. ಬಡಾವಣೆಯ ನಮ್ಮ ಹಳೆಯ ಮನೆ, ಅದರ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದ ಹುಡುಗಿ…

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹುಡುಗಿ ಹರಿಹರದವಳು, ಇಲ್ಲಿ ದಾವಣಗೆರೆಯ ಕಾಲೇಜಿನ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಲಿಂಗಾಯತರ ಮನೆ, ಕಟ್ಟುನಿಟ್ಟಿನ ನಮ್ಮ ಅತ್ತೆ ಇದ್ದಾರೆ ಅನ್ನುವ ಒಂದೇ ಧೈರ್ಯಕ್ಕೆ ಅವಳಪ್ಪ ನಮ್ಮಲ್ಲಿ ಬಿಟ್ಟಿದ್ದರು. ಈ ರೂಮು ಹೋದರೆ ಓದೂ ಮುಗಿಯಿತು, ಹರಿಹರಕ್ಕೆ ವಾಪಸ್ ಬಂದು ಮದುವೆಯಾಗು ಅಂತ ಮೊದಲೇ ಹೇಳಿಟ್ಟಿದ್ದರು.

ಒಂದು ಬೆಳಿಗ್ಗೆ ಪೂಜೆಗೆ ಹೂ ಬಿಡಿಸಲು ಹೋದ ಅತ್ತೆಗೆ ಗುಲಾಬಿ ಗಿಡದ ಬುಡದಲ್ಲಿ ಮೊಟ್ಟೆಯ ಸಿಪ್ಪೆ ಸಿಕ್ಕಿತು. ಗೊಬ್ಬರ ಆಗಲಿ ಅಂತ ಹುಡುಗಿಯೇ ಹೂತಿದ್ದಳು. ಆ ವರ್ಷ ಗಿಡ ಮೈತುಂಬಾ ಹೂ ಬಿಟ್ಟಿತ್ತು; ದಿನಾ ಅದೇ ಹೂವನ್ನು ಅತ್ತೆ ಲಿಂಗಕ್ಕೆ ಏರಿಸುತ್ತಿದ್ದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದೆ.

ಅತ್ತೆ ನಗಲಿಲ್ಲ. ಅಮಾವಾಸ್ಯೆಯೊಳಗೆ ರೂಮು ಖಾಲಿ ಮಾಡು ಅಂದರು. ಹುಡುಗಿ ಅಳುತ್ತಲೇ ಹೇಳಿದಳು, ತಾನು ಮೊಟ್ಟೆಯ ರುಚಿಯನ್ನೇ ಕಂಡವಳಲ್ಲ, ರೂಮಿನಲ್ಲಿ ಲೋಳೆ ತೆಗೆದು ಹಳದಿಯನ್ನಷ್ಟೇ ಲ್ಯಾಬಿಗೆ ಒಯ್ಯುತ್ತೇನೆ, ಅದರ ಜಿಡ್ಡಿನಿಂದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆ ಮಾಡುತ್ತೇನೆ ಅಂತ. ನಮಗೆ ವಾಸನೆ ಬಡಿಯಬಾರದೆಂದು ದಿನಾ ಮೇಜನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದಳಂತೆ. ಅತ್ತೆ ನಂಬಲಿಲ್ಲ.

"ನಡಿ, ನನ್ ಕಣ್ಣಿಗೆ ತೋರ್ಸು."

ಮೂವರೂ ಆಟೋ ಹತ್ತಿದೆವು.

ಲ್ಯಾಬಿನಲ್ಲಿ ಅವಳು ಬಿಡಿಸಿ ಹೇಳಿದಳು. ಅವಳು ತಯಾರಿಸುತ್ತಿದ್ದುದು ಮಣಿಸರದಂಥ ಉದ್ದನೆಯ ಪಾಲಿಮರ್. ರೋಗಾಣುವಿನ ಹೊರಪೊರೆಗೆ ಅದು ಅಂಟಿಕೊಂಡು ತೂತು ಮಾಡುತ್ತದೆ, ರೋಗಾಣು ಸಾಯುತ್ತದೆ. ಆದರೆ ನಮ್ಮ ಮೈಯ ಜೀವಕೋಶಕ್ಕೂ ಪೊರೆ ಇದೆಯಲ್ಲ… ಅದಕ್ಕೇ ಎರಡು ಬಗೆಯ ಗುಳ್ಳೆ. ಒಂದು ರೋಗಾಣುವಿನ ಪೊರೆಯ ಹಾಗೆ, ಇನ್ನೊಂದು ನಮ್ಮದರ ಹಾಗೆ. ಮೊಟ್ಟೆಯದು ನಮ್ಮ ಥರದ್ದು. ಎರಡರೊಳಗೂ ಬಣ್ಣ ತುಂಬಿರುತ್ತಿದ್ದಳು. ಪೊರೆ ತೂತಾಗಿ ಬಣ್ಣ ಸೋರಿದರೆ ಮಷೀನಿನ ಪೆನ್ನು ಕಾಗದದಲ್ಲಿ ಮೇಲಕ್ಕೆ ಏರುತ್ತಿತ್ತು.

ಮೊದಲು ರೋಗಾಣುವಿನದು. ಪಾಲಿಮರಿನ ಒಂದು ಹನಿ ಬಿಟ್ಟಳು, ಪೆನ್ನು ಸರ್ರನೆ ಏರಿತು. ಅತ್ತೆ ತಲೆಯಾಡಿಸಿದರು. ಆಮೇಲೆ ಮೊಟ್ಟೆಯದು. ಸ್ವಲ್ಪ ಹೊತ್ತು ಸುಮ್ಮನಿದ್ದ ಪೆನ್ನು ಅದಕ್ಕೂ ಮೆಲ್ಲಗೆ ಏರತೊಡಗಿತು. ಹುಡುಗಿ ಮಷೀನನ್ನು ಆರಿಸಿಬಿಟ್ಟಳು.

"ಯಾಕವ್ವಾ, ಏನಾತು?" ಅತ್ತೆ ಕೇಳಿದರು.

"ನಮ್ದೂ ಒಡೀತು ಅಜ್ಜಿ. ಇದನ್ನ ಔಷಧಿ ಅನ್ನಂಗಿಲ್ಲ."

ವಾಪಸ್ ಆಟೋದಲ್ಲೇ ಬಂದೆವು. ಮನೆ ಮುಂದೆ ಇಳಿದು, ಸೆರಗು ಸರಿಮಾಡಿಕೊಂಡು ಅತ್ತೆ ಅಂದರು: "ಒಡೀದಿರೋದು ಸಿಗೋ ತನಕ ಇರು. ಸಿಪ್ಪೆ ಮಾತ್ರ ನನ್ ಗಿಡಕ್ಕೆ ಬ್ಯಾಡ."

ಅಂದಿನಿಂದ ಸಂಜೆ ಅವಳ ಲೂನಾ ಗಾಡಿಯ ಸದ್ದಾದರೆ ಸಾಕು, ಅತ್ತೆ ಬಾಗಿಲಿಗೆ ಹೋಗಿ, "ಇವತ್ತಾರ ಪೆನ್ನು ಏರದೆ ಮಲಗ್ತೇನವ್ವಾ?" ಅಂತ ಕೇಳುತ್ತಿದ್ದರು. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿ ಮೆಟ್ಟಿಲು ಹತ್ತುತ್ತಿದ್ದಳು. ಮುಂದಿನ ಬೇಸಿಗೆಯಲ್ಲಿ ಒಂದು ಸಂಜೆ ಮಾತ್ರ ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. ಅತ್ತೆ ಒಳಗೆ ಹೋಗಿ ಸಕ್ಕರೆ ಡಬ್ಬಿಯನ್ನೇ ಎತ್ತಿಕೊಂಡು ಬಂದರು.

ಓದು ಮುಗಿಸಿ ಅವಳು ದೂರದ ಊರಿಗೆ ಕೆಲಸಕ್ಕೆ ಹೋದಳು. ಕೆಲವು ವರ್ಷಕ್ಕೆ ಅತ್ತೆಯೂ ತೀರಿಕೊಂಡರು. ನಾವೂ ಮನೆ ಬದಲಿಸಿದೆವು, ಸಂಪರ್ಕ ತಪ್ಪಿತು…

ಅವಳನ್ನು ನೋಡಲೇಬೇಕು ಅನ್ನಿಸಿ ನಿನ್ನೆ ಹರಿಹರದ ಬಸ್ಸು ಹತ್ತಿದೆ. ಅವಳಪ್ಪನ ಮನೆಯಲ್ಲಿ ಅವಳ ತಮ್ಮ ಒಳಗೆ ಕರೆದು ಕೂರಿಸಿದ. "ಅಕ್ಕ ತೀರ್ಕೊಂಡು ಎರಡು ವರ್ಷ ಆತ್ರಿ" ಅಂದ. ಗೋಡೆಯ ಮೇಲಿನ ಫೋಟೋದಲ್ಲಿ ಅವಳ ಬೈತಲೆಯ ಎರಡೂ ಕಡೆ ಕೂದಲು ನರೆತಿತ್ತು. ನನಗಿಂತ ಎಷ್ಟೋ ಚಿಕ್ಕವಳು. ನನಗೆ ಒಂದು ಮಾತೂ ಹೇಳದೆ ಕೂದಲು ಬೆಳ್ಳಗಾಗಿಸಿಕೊಂಡು, ನನಗಿಂತ ಮುಂದೆ ಹೊರಟೇಹೋಗಿದ್ದಳು.