ಗೋಡೆಯಾಚೆಯ ಕೆಂಪು ವೈನ್

ಬ್ಯಾಲಿನ್‌ಕೊಲಿಗ್, ಐರ್ಲೆಂಡ್. ಅಕ್ಟೋಬರ್. ವಿಮಾನ ರದ್ದಾಗಿ ಅಕ್ಕನ ಮನೆಯಲ್ಲೇ ಉಳಿದಿದ್ದೇನೆ. ಕೊರೊನಾ ಕಾಲ, ಯಾರೂ ಯಾರ ಮನೆಗೂ ಹೋಗುವಂತಿಲ್ಲ. ಅದಕ್ಕೇ ಇವತ್ತು ಭಾನುವಾರದ ಊಟವನ್ನು ಹಿತ್ತಲಿನ ಗಿಡ್ಡ ಗೋಡೆಯ ಆಚೀಚೆ ಕೂತು ಮಾಡಿದೆವು. ನಮ್ಮದು ಬಿಸಿ ಅನ್ನ, ಸಿಹಿಗುಂಬಳದ ಹುಳಿ. ಪಕ್ಕದ ಮನೆಯ ಐಲೀನ್ ಅವರದು ಫ್ರಾನ್ಸಿನ ಕೆಂಪು ವೈನ್. ಏಪ್ರಿಲ್‌ನಲ್ಲಿ ತೀರಿಕೊಂಡ ಅವರ ಗಂಡ ಎತ್ತಿಟ್ಟಿದ್ದ ಮೂರು ಬಾಟಲಿಗಳಲ್ಲಿ ಮೊದಲನೆಯದು. ಎಲೆ ಉದುರುವ ಕಾಲದ ಕುಂಬಳಕ್ಕೆ ಅದೇ ಸರಿಜೋಡಿಯಂತೆ.

ನಾನು ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು, ತುಟಿ ತಾಗಿಸದೆ ಎತ್ತಿ ಕುಡಿದೆ.

"ಅಯ್ಯೋ, ಅದೇನು ಮಜ್ಜಿಗೇನೋ? ಮೊದ್ಲು ಮೂಸಿ ನೋಡ್ಬೇಕು ಕಣೋ!" ಅಕ್ಕ ಗದರಿದಳು.

ಐಲೀನ್ ತಮ್ಮ ಗ್ಲಾಸನ್ನೂ ಹಾಗೇ ಎತ್ತಿದರು. ಅರ್ಧ ವೈನ್ ಬಿಳಿ ಸ್ವೆಟರ್ ಮೇಲೆ ಚೆಲ್ಲಿತು. "ಗ್ರ್ಯಾಂಡ್!" ಎನ್ನುತ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಏಪ್ರಿಲ್ ಆದ್ಮೇಲೆ ಇವ್ರು ನಕ್ಕಿದ್ದು ಇವತ್ತೇ ನೋಡಿದ್ದು," ಅಕ್ಕ ಮೆಲ್ಲಗೆ ಅಂದಳು.

ಹುಳಿಯ ಖಾರದ ಹಿಂದೆಯೇ ಇಳಿದ ವೈನ್ ಚಳಿಯನ್ನು ಮರೆಸಿತು. ಐಲೀನ್ ತಟ್ಟೆಯನ್ನು ಗೋಡೆಯ ಮೇಲಿಟ್ಟು ಕೇಳಿದರು: "ಇನ್ನೂ ಎರಡು ಬಾಟಲಿ ಇವೆ. ಮುಂದಿನ ಭಾನುವಾರ ಏನು ಅಡುಗೆ?"

ವಿಮಾನ ಇನ್ನೆರಡು ವಾರ ಹೊರಡದಿರಲಿ ಎಂದುಕೊಂಡೆ.