ನೀಲಾಂಬಿಕ ಮೇಡಂ ಕಟ್ಟಿದ ಕಂಪೈಲರ್

ಶಿರಾಳಕೊಪ್ಪದ ನಮ್ಮ ಪಾಲಿಟೆಕ್ನಿಕ್ಕಿನ ಲ್ಯಾಬ್ ನೋಡಿಕೊಳ್ಳುವ ನೀಲಾಂಬಿಕ ಹೊಸಬಾಳೆಯಿಂದ ದಿನಾ ಎರಡು ಬಸ್ಸು ಬದಲಿಸಿ ಬರುತ್ತಾರೆ. ಹದಿನಾಲ್ಕು ವರ್ಷದಿಂದ ಗುತ್ತಿಗೆ ನೌಕರಿ. ಕಾಯಂ ಆಗುವ ಮಾತನ್ನು ಅವರೂ ಬಿಟ್ಟಿದ್ದಾರೆ, ಥಿಯರಿ ಪಾಠ ಮಾಡುವ ನಾನೂ ಎತ್ತುವುದಿಲ್ಲ.

ಈ ಸಲ ಅವರ ತಲೆಗೆ ಕಟ್ಟಿದ್ದು ಕಂಪೈಲರ್. ಸರ್ಕ್ಯೂಟನ್ನು ತಂತಿಯಲ್ಲಿ ಜೋಡಿಸದೆ ಅಕ್ಷರದಲ್ಲೇ ಬರೆಯುವ ಭಾಷೆಯೊಂದಿದೆ, ವಿಎಚ್‌ಡಿಎಲ್ ಅಂತ. ಬರೆದದ್ದನ್ನು ಕಂಪ್ಯೂಟರ್ ನಡೆಸಿ ತೋರಿಸಬೇಕಾದರೆ ಕಂಪೈಲರ್ ಬೇಕು. ಸಿದ್ಧವಾಗಿ ಸಿಗುವುದು ನಮ್ಮ ಮುದಿ ಯಂತ್ರಗಳಲ್ಲಿ ಓಡುವುದಿಲ್ಲ. ಹಾಗಾಗಿ ಅದರ ಮೂಲ ಬರಹವನ್ನು, ಅಂದರೆ ಸೋರ್ಸ್ ಕೋಡನ್ನು, ಇಳಿಸಿಕೊಂಡು ಇಲ್ಲೇ ಕಟ್ಟಬೇಕಿತ್ತು. ಸೋಮವಾರದೊಳಗೆ ಆಗದಿದ್ದರೆ ಪ್ರಾಯೋಗಿಕ ಪರೀಕ್ಷೆ ಶಿವಮೊಗ್ಗದಲ್ಲಿ ಎಂದು ಪತ್ರ ಬಂತು. ಪತ್ರ ಬರೆಯುವವರಿಗೇನು, ಬರೆದುಬಿಡುತ್ತಾರೆ. ಕ್ಯಾಸನೂರು ಕಡೆಯ ಐದು ಹುಡುಗಿಯರಿಗೆ ಅಷ್ಟು ಬೆಳಗ್ಗೆ ಬಸ್ಸಿಲ್ಲ, ಅವರಿಗೆ ಪರೀಕ್ಷೆ ತಪ್ಪಿದಂತೆಯೇ.

ಕಟ್ಟಿ ಮುಗಿಯಲು ಆರು ಗಂಟೆ ಬೇಕು. ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷವಾಗಿದೆ. ದಿನಾ ಮಧ್ಯಾಹ್ನ ಕರೆಂಟ್ ಹೋಗಿ ಕೆಲಸ ಅರ್ಧಕ್ಕೆ ನಿಲ್ಲುತ್ತಿತ್ತು. ಮೇಡಂ ಆದದ್ದನ್ನೆಲ್ಲ ಅಳಿಸಿ ಮರುದಿನ ಮೊದಲಿನಿಂದ ಶುರು ಮಾಡುತ್ತಿದ್ದರು. ಅಡುಗೆಮನೆಯ ಶಿಸ್ತು ಅದು: ಅರ್ಧ ಬೆಂದು ನಿಂತ ಅನ್ನವನ್ನು ನಂಬದೆ ಪಾತ್ರೆ ತೊಳೆದು ಹೊಸದಾಗಿ ಇಡುವವರು ಅವರು. ಹೀಗೆ ಒಂಬತ್ತು ದಿನ. ನಾನು ಬಾಗಿಲಲ್ಲೇ ನಿಂತು, "ಇನ್ನೂ ಆಗ್ಲಿಲ್ವಾ ಮೇಡಂ?" ಎಂದು ಕೇಳಿ ಕ್ಲಾಸಿಗೆ ಹೋಗುತ್ತಿದ್ದೆ.

ಹತ್ತನೆಯ ದಿನ, ಶನಿವಾರ, ಕರೆಂಟ್ ಹೋಗಿ ಬಂದಾಗ ಅವರಿಗೆ ಅಳಿಸುವಷ್ಟೂ ತ್ರಾಣವಿರಲಿಲ್ಲ. ಬೆಳಗ್ಗೆ ಕಟ್ಟಲು ಕೊಟ್ಟಿದ್ದ ಆದೇಶವನ್ನೇ ಸುಮ್ಮನೆ ಮತ್ತೊಮ್ಮೆ ಟೈಪ್ ಮಾಡಿದರು. ಯಂತ್ರ ಮುಗಿದದ್ದನ್ನು ಬಿಟ್ಟು ಉಳಿದದ್ದನ್ನಷ್ಟೇ ಕಟ್ಟತೊಡಗಿತು. ನಾಲ್ಕೂವರೆಗೆ ಮುಗಿದೇ ಹೋಯಿತು.

ನಾನು ಹೋದಾಗ ಪರದೆಯ ಮೇಲೆ ಪರೀಕ್ಷೆಯ ಮೊದಲ ಸರ್ಕ್ಯೂಟ್ ಓಡುತ್ತಿತ್ತು. ಅವರು ತಲೆ ಹಿಡಿದು ಕೂತಿದ್ದರು.

"ಅಳಿಸೋದೇ ಬೇಕಿರ್ಲಿಲ್ಲ ಸರ್. ಮೊದಲ್ನೇ ದಿನಾನೇ ಮುಗೀತಿತ್ತು. ನಿಮಗೆ ಗೊತ್ತಿತ್ತಾ ಇದು?"

ಗೊತ್ತಿತ್ತು. ಪ್ರತಿ ವರ್ಷ ಪಾಠ ಮಾಡುತ್ತೇನೆ. ಅವರು ಅಳಿಸುತ್ತಿದ್ದಾರೆಂದು ಮಾತ್ರ ಗೊತ್ತಿರಲಿಲ್ಲ, ಏಕೆಂದರೆ ಒಂದು ದಿನವೂ ಒಳಗೆ ಬಂದು ಪಕ್ಕದಲ್ಲಿ ಕೂತಿರಲಿಲ್ಲ. ನಾಚಿಕೆಯಾಯಿತು.

"ಗೊತ್ತಿತ್ತು ಮೇಡಂ," ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚೀಲ ಹೆಗಲಿಗೆ ಹಾಕಿಕೊಂಡರು.

"ಹುಡುಗೀರಿಗೆ ನೀವೇ ಫೋನ್ ಮಾಡ್ರೀ, ಪರೀಕ್ಷೆ ಇಲ್ಲೇ ಅಂತ. ನಂಗೆ ಮಾತಾಡೋಕೂ ಸಾಕಾಗಿದೆ."